ಹೆರ್ದುಬ್ರೆಯ್ದ್ ಬೆಟ್ಟದ ತಲೆ ಚಪ್ಪಟೆ ಯಾಕೆ?

ಐಸ್‌ಲ್ಯಾಂಡ್‌ನ ಹೆರ್ದುಬ್ರೆಯ್ದ್ ಬೆಟ್ಟದ ತಲೆಯನ್ನು ಗಾಳಿ ಸವೆಸಿ ಚಪ್ಪಟೆ ಮಾಡಿತಾ ಅಂತ ಕೇಳಿದ್ದೀರಿ. ಇಲ್ಲ, ಅದು ಹುಟ್ಟಿದ್ದೇ ಹೆಚ್ಚುಕಡಿಮೆ ಹಾಗೆ.

ಹಿಮಯುಗದಲ್ಲಿ ಅಲ್ಲೆಲ್ಲ ದಪ್ಪ ಹಿಮದ ಹೊದಿಕೆ. ಜ್ವಾಲಾಮುಖಿ ಬಾಯಿಬಿಟ್ಟಿದ್ದು ಅದರ ಅಡಿಯಲ್ಲೇ. ಸುತ್ತಲಿನ ಹಿಮ ಕರಗಿ ಒಳಗೇ ಒಂದು ಕೆರೆಯಾಯಿತು. ಆ ತಣ್ಣೀರಿನಲ್ಲಿ ಲಾವಾ ಮೊದಲು ದಿಂಬುಗಳ ಹಾಗೆ ಉಬ್ಬಿ ಗಟ್ಟಿಯಾಯಿತು; ರಾಶಿ ಬೆಳೆದು ಮೇಲಿನ ನೀರಿನ ಒತ್ತಡ ಕಡಿಮೆಯಾದಂತೆ ಸಿಡಿದು ಗಾಜಿನ ಚೂರಾಯಿತು. ಚೂರುಗಳು ಬೆಸೆದು ಆದ ಕಂದು ಕಲ್ಲಿಗೆ ಅಲ್ಲಿನವರು 'ಮೋಬರ್ಗ್' ಅನ್ನುತ್ತಾರೆ. ಸುತ್ತ ಹಿಮದ ಗೋಡೆ ಇದ್ದದ್ದರಿಂದ ರಾಶಿ ಅಗಲಕ್ಕೆ ಹರಡದೆ ಕಡಿದಾಗಿ ಏರಿತು. ತಲೆ ನೀರಿನಿಂದ ಹೊರಬಂದ ಮೇಲಷ್ಟೇ ಲಾವಾ ಸಲೀಸಾಗಿ ಹರಿದು ಮುಚ್ಚಳದಂತೆ ಕೂತಿತು. (ನೆತ್ತಿಯ ಮೇಲೊಂದು ಶಂಕು ಕಾಣುತ್ತದಲ್ಲ, ಅದು ಕೊನೆಗೆ ಎದ್ದದ್ದು.) ಮುಚ್ಚಳ ಶುರುವಾಗುವ ಎತ್ತರವೇ ಆ ಕೆರೆಯ ಮಟ್ಟ, ಆಗಿನ ಹಿಮದ ದಪ್ಪವನ್ನೂ ಅದರಿಂದಲೇ ಅಂದಾಜು ಮಾಡುತ್ತಾರೆ. ನನಗಂತೂ ಇದೇ ದೊಡ್ಡ ಸೋಜಿಗ.

ಹಳೇ ಕಥೆ ಅಂದುಕೊಳ್ಳಬೇಡಿ. 1996ರಲ್ಲಿ ವತ್ನಾಯೋಕುಲ್ ಹಿಮನದಿಯ ಅಡಿಯಲ್ಲಿ ಹೀಗೇ ಸ್ಫೋಟವಾಗಿ, ಕರಗಿದ ನೀರು ಸುಮಾರು ಐದು ವಾರ ಒಳಗೇ ತುಂಬಿಕೊಂಡು ನವೆಂಬರ್ 5ರಂದು ಒಮ್ಮೆಲೇ ನುಗ್ಗಿತು. ಆಗ ಕೊಚ್ಚಿಹೋದ ಸೇತುವೆಯ ಸೊಟ್ಟಗಾದ ಉಕ್ಕಿನ ತೊಲೆಗಳನ್ನು ಹೆದ್ದಾರಿ ಪಕ್ಕದಲ್ಲೇ ಸ್ಮಾರಕವಾಗಿ ಇಟ್ಟಿದ್ದಾರೆ.