ಬಸಿರು ಮತ್ತು ಮೈಬಿಡದ ರಾಸಾಯನಿಕಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೀಗ ಮೂರು ತಿಂಗಳು. ವರ್ಷಗಳಿಂದ ಕುಡಿಯುತ್ತಿರುವ ಕೊಳವೆಬಾವಿ ನೀರಿನಲ್ಲಿ ಪಿಫಾಸ್ (ನಾನ್‌ಸ್ಟಿಕ್ ಲೇಪದಂಥವುಗಳಲ್ಲಿ ಬಳಕೆಯಾಗುವ, ಸುಲಭಕ್ಕೆ ನಾಶವಾಗದ ರಾಸಾಯನಿಕಗಳ ಗುಂಪು) ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಈಗ ಚೆನ್ನಾಗಿ ಕುದಿಸಿ, ಆರಿಸಿ ಕುಡಿಯುತ್ತಿದ್ದೇನೆ. ಸಾಕೇ? ಮಗುವಿಗೆ ಏನಾದರೂ ಆಗುತ್ತದೆಯೇ?

ಉತ್ತರ: ಸಾಲದು. ಕುದಿಸಿದರೆ ರೋಗಾಣು ಸಾಯುತ್ತವೆ, ಪಿಫಾಸ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದರಲ್ಲಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಆರ್‌ಒ ನೀರು ಬಳಸಿ. ಅದಾಗದಿದ್ದರೆ ಸಕ್ರಿಯ ಇದ್ದಿಲಿನ ಫಿಲ್ಟರ್ ಆಗಬಹುದು. ಕೊಳ್ಳುವಾಗ ಎನ್‌ಎಸ್‌ಎಫ್ (ನೀರಿನ ಫಿಲ್ಟರ್ ಪರೀಕ್ಷಿಸುವ ಅಮೆರಿಕದ ಸಂಸ್ಥೆ) 53 ಅಥವಾ 58 ಪ್ರಮಾಣಪತ್ರದಲ್ಲಿ ಪಿಫಾಸ್ ತಗ್ಗಿಸುವ ಮಾತು ಸ್ಪಷ್ಟವಾಗಿ ಇದೆಯೇ ನೋಡಿ. ಇದ್ದಿಲಿನ ಫಿಲ್ಟರ್ ಕೈಕೊಡುವುದು ಸಾಮಾನ್ಯವಾಗಿ ಕಾರ್ಟ್ರಿಡ್ಜ್ ಬದಲಿಸದೆ ಮುಂದೂಡಿದಾಗ. ಹಿಡಿದಿಡುವ ಜಾಗವೆಲ್ಲ ತುಂಬಿದ ಮೇಲೆ ಪಿಫಾಸ್ ಸಲೀಸಾಗಿ ದಾಟಿ ಬರುತ್ತದೆ. ಬಣ್ಣ, ರುಚಿ, ವಾಸನೆ ಏನೂ ಬದಲಾಗದ್ದರಿಂದ ನಿಮಗೆ ತಿಳಿಯುವುದೂ ಇಲ್ಲ. ಹಾಗಾಗಿ ಹಾಕಿದ ದಿನಾಂಕವನ್ನು ಫಿಲ್ಟರ್ ಮೇಲೆಯೇ ಬರೆದಿಡಿ, ತಯಾರಕರು ಹೇಳಿದ ಲೀಟರ್ ಮಿತಿ ದಾಟಲು ಬಿಡಬೇಡಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಹಳೆಯ ನೀರೇ ಇರಲಿ, ಚರ್ಮದ ಮೂಲಕ ಒಳಗೆ ಹೋಗುವುದು ತೀರ ಕಡಿಮೆ.

ಇನ್ನು ಮಗುವಿನ ವಿಷಯ. ಪಿಫಾಸ್ ಗುಂಪಿನ ಪಿಎಫ್‌ಒಎ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 2ರಿಂದ 4 ವರ್ಷ ಬೇಕು. ಇವತ್ತು ನೀರು ಬದಲಿಸಿದರೂ ಹೆರಿಗೆಯ ಹೊತ್ತಿಗೆ ದೇಹ ಖಾಲಿಯಾಗದು. ಆದರೆ ಹೊಸದಾಗಿ ಸೇರುವುದು ನಿಲ್ಲುತ್ತದೆ, ಅದು ದೊಡ್ಡ ಲಾಭವೇ. ಪಿಫಾಸ್ ಮಾಸುವನ್ನು (ಪ್ಲಸೆಂಟಾ) ದಾಟಿ ಹೊಕ್ಕುಳಬಳ್ಳಿಯ ರಕ್ತಕ್ಕೂ ಸೇರುತ್ತದೆ. ಜನನ ತೂಕ ತುಸು ಕಡಿಮೆಯಾಗುವುದು, ತಾಯಿಗೆ ಬಸಿರಿನಲ್ಲಿ ರಕ್ತದೊತ್ತಡ ಏರುವುದು, ಮುಂದೆ ಮಗುವಿನಲ್ಲಿ ಕೆಲವು ಲಸಿಕೆಗಳ ಪ್ರತಿಕಾಯ ಕಡಿಮೆಯಿರುವುದು, ಇವುಗಳೊಂದಿಗೆ ಅಧ್ಯಯನಗಳಲ್ಲಿ ನಂಟು ಕಂಡಿದೆ. ಇವೆಲ್ಲ ಬಹಳ ಜನರ ಸರಾಸರಿ. ನಿಮ್ಮ ಮಗುವಿಗೆ ಹೀಗೇ ಆಗುತ್ತದೆ ಎಂದು ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ಗೊತ್ತಿಲ್ಲದೆ ಕುಡಿದ ನೀರಿಗೆ ನಿಮ್ಮನ್ನು ನೀವು ದೂರಿಕೊಳ್ಳಲೂಬೇಡಿ.

ವೈದ್ಯರಿಗೆ ನೀರಿನ ವರದಿ ತೋರಿಸಿ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2022ರ ಮಾರ್ಗಸೂಚಿಯ ಪ್ರಕಾರ, ರಕ್ತದಲ್ಲಿ ಪಿಫಾಸ್‌ಗಳ ಒಟ್ಟು ಮೊತ್ತ ಪ್ರತಿ ಮಿಲಿಲೀಟರಿಗೆ 2 ನ್ಯಾನೊಗ್ರಾಂ ಮುಟ್ಟಿದ್ದರೆ ಪ್ರತಿ ಭೇಟಿಯಲ್ಲೂ ರಕ್ತದೊತ್ತಡದ ತೊಂದರೆಗಾಗಿ ತಪಾಸಣೆ ಆಗಬೇಕು. ರಕ್ತಪರೀಕ್ಷೆ ಸಿಗದಿದ್ದರೂ ಒತ್ತಡ ನೋಡಿಸುವುದನ್ನು ಬಿಡಬೇಡಿ. 20 ವಾರದ ನಂತರ ಅದು 140/90 ಮುಟ್ಟಿದರೆ ಅಥವಾ ದಾಟಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ. ಮಗುವಿನ ಲಸಿಕೆಗಳನ್ನು ಒಂದನ್ನೂ ತಪ್ಪಿಸದೆ, ಹೊತ್ತಿಗೆ ಸರಿಯಾಗಿ ಹಾಕಿಸಿ.

ಪ್ರಶ್ನೆ: ಮನೆಯ ನಾನ್‌ಸ್ಟಿಕ್ ಬಾಣಲೆಗಳನ್ನೆಲ್ಲ ಎಸೆಯಬೇಕೇ?

ಉತ್ತರ: ಗಾಬರಿಬಿದ್ದು ಎಸೆಯುವ ಅಗತ್ಯವಿಲ್ಲ. ಲೇಪ ಏಳುತ್ತಿದ್ದರೆ ಬದಲಿಸಿ. ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಬಿಡಬೇಡಿ, ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪ ಒಡೆಯತೊಡಗುತ್ತದೆ. ನೀರು ಕಲುಷಿತವಾಗಿರುವ ಕಡೆ ಮೊದಲು ಸರಿಪಡಿಸಬೇಕಾದದ್ದು ನೀರು, ಬಾಣಲೆಯಲ್ಲ.

ಪ್ರಶ್ನೆ: ಮೀನು ತಿನ್ನಿ ಎನ್ನುತ್ತಾರೆ ವೈದ್ಯರು. ಪಾದರಸವಿದೆ, ಬೇಡ ಎನ್ನುತ್ತಾರೆ ಮನೆಯವರು. ಯಾರ ಮಾತು ಸರಿ?

ಉತ್ತರ: ವೈದ್ಯರ ಮಾತು ಸರಿ, ಮೀನಿನ ಆಯ್ಕೆ ಸರಿಯಿದ್ದರೆ. ಬೇರೆ ಮೀನುಗಳನ್ನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಮೀಥೈಲ್ ಪಾದರಸ (ಪಾದರಸದ ಒಂದು ವಿಷಕಾರಿ ರೂಪ) ಶೇಖರವಾಗುತ್ತದೆ. ಶಾರ್ಕ್, ಸ್ವೋರ್ಡ್‌ಫಿಶ್, ಮಾರ್ಲಿನ್, ಕಿಂಗ್ ಮ್ಯಾಕೆರೆಲ್, ಬಿಗ್‌ಐ ಟ್ಯೂನಾ ಬೇಡವೇ ಬೇಡ. ಭೂತಾಯಿ (ಸಾರ್ಡೀನ್), ಆಂಚೊವಿ, ಸಾಲ್ಮನ್ ತರಹದವನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಬಹುದು. ಇವುಗಳ ಒಮೆಗಾ-3 ಮಗುವಿನ ಮಿದುಳಿಗೆ ಬೇಕು. ಪಾದರಸವನ್ನು ಹಗುರವಾಗಿ ಕಾಣುವಂತಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ತಾಯಿಯ ರಕ್ತಕ್ಕಿಂತ ಹೆಚ್ಚಿರುತ್ತದೆ. ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಜನ ನರಳಿದ, 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತದಲ್ಲಿ, ತಮಗೆ ಅಷ್ಟೇನೂ ಲಕ್ಷಣ ಕಾಣದ ತಾಯಂದಿರಿಗೂ ತೀವ್ರ ಮಿದುಳಿನ ಹಾನಿಯಾದ ಮಕ್ಕಳು ಹುಟ್ಟಿದವು.

ಮೀನಿನ ಚರ್ಮ ಸುಲಿದರೆ ಪಾದರಸ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಅದು ಮಾಂಸದ ಪ್ರೋಟೀನಿಗೆ ಅಂಟಿರುತ್ತದೆ, ಬೇಯಿಸಿದರೂ ಹೋಗದು. ಪಿಸಿಬಿ (ಹಿಂದೆ ವಿದ್ಯುತ್ ಸಾಧನಗಳಲ್ಲಿ ಬಳಸುತ್ತಿದ್ದ ರಾಸಾಯನಿಕ), ಡಯಾಕ್ಸಿನ್ (ಕಸ ಸುಡುವಾಗ ಹುಟ್ಟುವ ವಿಷ) ಕೊಬ್ಬಿನಲ್ಲಿ ಕೂರುವಂಥವು. ಅವುಗಳ ಮಟ್ಟಿಗೆ ಚರ್ಮ, ಹೊಟ್ಟೆಭಾಗದ ಕೊಬ್ಬು ತೆಗೆದು, ಬೇಯುವಾಗ ಇಳಿದ ಜಿಡ್ಡನ್ನು ಚೆಲ್ಲಿದರೆ ಪ್ರಯೋಜನವಿದೆ. ಒಂದು ಸಮಾಧಾನವೆಂದರೆ ಮೀಥೈಲ್ ಪಾದರಸ ಸುಮಾರು 50 ದಿನಕ್ಕೆ ಅರ್ಧವಾಗುತ್ತದೆ. ಮಗು ಬೇಕೆಂದುಕೊಂಡವರು ಆರು ತಿಂಗಳು ಮುಂಚಿನಿಂದ ದೊಡ್ಡ ಮೀನು ಬಿಟ್ಟರೆ ಬಹುಪಾಲು ಇಳಿದುಹೋಗುತ್ತದೆ.

ಪ್ರಶ್ನೆ: ಎದೆಹಾಲಿನಲ್ಲೂ ಪಿಸಿಬಿ, ಡಿಡಿಟಿ ಇರುತ್ತವಂತೆ. ಹೆರಿಗೆಗೆ ಮುಂಚೆ ಡಿಟಾಕ್ಸ್ ಮಾಡಿ ತೂಕ ಇಳಿಸಿಕೊಳ್ಳಲೇ?

ಉತ್ತರ: ದಯವಿಟ್ಟು ಬೇಡ. ಈ ವಸ್ತುಗಳು ಕೊಬ್ಬಿನಲ್ಲಿ ಅಡಗಿರುತ್ತವೆ. ಕೊಬ್ಬು ಬೇಗ ಕರಗಿದರೆ ಅವು ರಕ್ತಕ್ಕೆ ಇಳಿಯುತ್ತವೆ, ಆ ರಕ್ತದಿಂದಲೇ ಮಗು ಬೆಳೆಯುತ್ತಿದೆ. ಇವನ್ನು ಹೊರಹಾಕುತ್ತೇವೆನ್ನುವ ಪುಡಿ, ಕಷಾಯಗಳಿಂದ ಏನೂ ಆಗದು, ಅಂಥ ಕೆಲವು ತಯಾರಿಕೆಗಳಲ್ಲಿ ಸೀಸವೇ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ, ಅದರ ಲಾಭವೇ ಹೆಚ್ಚು. ಕಾರ್ಖಾನೆ ಸೋರಿಕೆಯಂಥ ಭಾರೀ ಸಂಪರ್ಕಕ್ಕೆ ಸಿಕ್ಕವರು ಮಾತ್ರ ಹೆರಿಗೆಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಬೇಕು. ಹಾಲುಣಿಸುವ ತಿಂಗಳುಗಳಲ್ಲಿ ತೂಕ ಇಳಿಸುವುದಿದ್ದರೂ ಉಪವಾಸ ಬೇಡ, ವಾರಕ್ಕೆ ಅರ್ಧ ಕಿಲೋ ಮೀರದಂತೆ ನಿಧಾನಕ್ಕೆ ಇಳಿಸಿ.