ಮನೆಯಿಂದ ಕೆಲಸ ಮುಗಿಯಿತು, ವಾರಕ್ಕೆ ಐದು ದಿನ ಬೆಂಗಳೂರಿಗೆ ಬನ್ನಿ ಎಂದಿದ್ದಾರೆ: ರಾಜೀನಾಮೆ ಕೊಡಲೇ?

ನೀವು ಕೊಟ್ಟಿರುವ ವಿವರ ಇಷ್ಟು: ಸಾಫ್ಟ್‌ವೇರ್ ಸೇವಾ ಕಂಪನಿಯೊಂದಕ್ಕೆ ಸೇರಿ ನಾಲ್ಕು ವರ್ಷ ಏಳು ತಿಂಗಳಾಗಿದೆ, ಸೇರಿದಂದಿನಿಂದ ಶಿವಮೊಗ್ಗದ ಮನೆಯಿಂದಲೇ ಕೆಲಸ, ಪತ್ನಿ ಅಲ್ಲಿಯೇ ಶಾಲಾ ಶಿಕ್ಷಕಿ, ಮಗ ಎರಡನೇ ತರಗತಿ. ಮುಂದಿನ ತಿಂಗಳಿನಿಂದ ವಾರಕ್ಕೆ ಐದು ದಿನವೂ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ಹಾಜರಿರಬೇಕೆಂದು ಮೇಲ್ ಬಂದಿದೆ; ರಾಜೀನಾಮೆ ಬಿಸಾಡಿಬಿಡೋಣ ಅನ್ನಿಸುತ್ತಿದೆ, ಸರಿಯೇ ಎಂದು ಕೇಳಿದ್ದೀರಿ. ನಾನು ಅಂಥದೇ ಒಂದು ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರ್. ಅಂದರೆ ಇಂಥ ಮೇಲ್ ಮೇಲಿನಿಂದ ಬಂದಾಗ ಅದನ್ನು ತಂಡದವರಿಂದ ಪಾಲನೆ ಮಾಡಿಸಬೇಕಾದ ಕುರ್ಚಿಯಲ್ಲಿ ಕೂತವನು, ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ. ನೀವು ಬಹುಶಃ ಈ ಕೆಲಸ ಬಿಡಬೇಕಾಗುತ್ತದೆ. ಆದರೆ ಈ ತಿಂಗಳು ಬೇಡ, ಮೇಲ್‌ನಲ್ಲಿ ಅವರು ಗೊತ್ತುಮಾಡಿದ ದಿನಕ್ಕೆ ಹೆದರಿಯಂತೂ ಬೇಡವೇ ಬೇಡ.

ಮೊದಲು ನಿಮ್ಮ ಆಫರ್ ಲೆಟರ್ ತೆಗೆದು ನೋಡಿ. ಕೆಲಸದ ಸ್ಥಳ ಎಂದಿರುವ ಕಡೆ ಬೆಂಗಳೂರು ಎಂದು ಬರೆದಿದ್ದರೆ, ಅಥವಾ ಕಂಪನಿ ಹೇಳಿದ ಯಾವುದೇ ಊರಿನಲ್ಲಿ ಕೆಲಸ ಮಾಡಲು ಒಪ್ಪಿದ್ದೇನೆ ಎಂಬ ಸಾಲಿದ್ದರೆ (ಸಾಮಾನ್ಯವಾಗಿ ಇದ್ದೇ ಇರುತ್ತದೆ), ಮನೆಯಿಂದ ಕೆಲಸ ಮಾಡುವುದು ನಿಮ್ಮ ಹಕ್ಕು ಎಂದು ವಾದಿಸಲು ನಮ್ಮ ಕಾನೂನಿನಲ್ಲಿ ಹೆಚ್ಚು ಆಸರೆಯಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿಯೂ, ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ಉದ್ಯೋಗದಾತ ಮತ್ತು ಉದ್ಯೋಗಿ ಪರಸ್ಪರ ಒಪ್ಪಿ ನಿರ್ಧರಿಸಬೇಕೆಂದಷ್ಟೇ ಇತ್ತು. ಕಂಪನಿಯವರು ಸಭೆಗಳಲ್ಲಿ ಆಡಿದ ಮಾತಿಗೆ ಬೆಲೆ ಎಷ್ಟು ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೇ ಇದೆ. 2025ರ ಹೊತ್ತಿಗೆ ಯಾವುದೇ ಸಮಯದಲ್ಲಿ ಶೇಕಡ 25ರಷ್ಟು ಸಿಬ್ಬಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಸಾರಿದ್ದ ಟಿಸಿಎಸ್, 2023ರ ಅಕ್ಟೋಬರ್‌ನಿಂದ ಸಿಬ್ಬಂದಿಯನ್ನು ವಾರದ ಐದೂ ದಿನ ಕಚೇರಿಗೆ ಕರೆಸಿತು. 2024ರಲ್ಲಿ ವೇರಿಯಬಲ್ ಪೇಯನ್ನೇ (ಸಂಬಳದಲ್ಲಿ ಏರಿಳಿಯುವ ಭಾಗ) ಹಾಜರಾತಿಗೆ ಗಂಟು ಹಾಕಿ, ಶೇಕಡ 60ಕ್ಕಿಂತ ಕಡಿಮೆ ಹಾಜರಿ ಇದ್ದವರಿಗೆ ಅದು ಸಿಗದಂತೆ ಮಾಡಿತು.

ಹಾಗೆಂದು ಎಲ್ಲ ಕಡೆಯೂ ಒಂದೇ ನಿಯಮವಿಲ್ಲ. ಅಮೆಜಾನ್ 2025ರ ಜನವರಿಯಿಂದ ಐದು ದಿನ ಎಂದರೆ, ಇನ್ಫೋಸಿಸ್ ಅದೇ ವರ್ಷದ ಮಾರ್ಚ್‌ನಿಂದ ಒಂದು ಹಂತದ ಕೆಳಗಿನವರಿಗೆ ತಿಂಗಳಿಗೆ ಹತ್ತು ದಿನ ಎಂದಿತು. ಶಿವಮೊಗ್ಗದಲ್ಲಿ ಮನೆ ಇಟ್ಟುಕೊಂಡವರಿಗೆ ತಿಂಗಳಿಗೆ ಹತ್ತು ದಿನಕ್ಕೂ ಇಪ್ಪತ್ತೆರಡು ದಿನಕ್ಕೂ ಇರುವ ಅಂತರ ಸಣ್ಣದಲ್ಲ.

ಆದೇಶ ಹೊರಡುವುದರ ಹಿಂದೆ ಏನಿರುತ್ತದೆ ಎಂದರೆ, ಒಂದೇ ಕಾರಣವಂತೂ ಇರುವುದಿಲ್ಲ. ಗುತ್ತಿಗೆಗೆ ತೆಗೆದುಕೊಂಡ ಮಹಡಿಗಳು ಖಾಲಿ ಬಿದ್ದಿರುತ್ತವೆ, ಕ್ಲೈಂಟ್ ಕೇಳುತ್ತಾನೆ, ಕಾಲೇಜಿನಿಂದ ನೇರ ಬಂದ ಹುಡುಗರು ಪಕ್ಕದಲ್ಲಿ ಹಿರಿಯರಿಲ್ಲದೆ ಕೆಲಸ ಕಲಿಯುವುದಿಲ್ಲ. ಈ ಕೊನೆಯದನ್ನು ನಾನು ನಿಜವಾಗಿಯೂ ನಂಬುತ್ತೇನೆ. ಆದರೆ ಕೆಲವು ಕಡೆ ಬಾಯಿಬಿಟ್ಟು ಹೇಳದ ಲೆಕ್ಕವೂ ಒಂದಿರುತ್ತದೆ: ಬರಲಾಗದವರು ತಾವಾಗಿಯೇ ಬಿಟ್ಟರೆ ಯಾರನ್ನೂ ತೆಗೆಯಬೇಕಾಗಿಲ್ಲ, ಪರಿಹಾರ ಕೊಡಬೇಕಾಗಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಆಗುವುದಿಲ್ಲ. ಸಿಟ್ಟಿನಲ್ಲಿ ಮೊದಲ ವಾರವೇ ರಾಜೀನಾಮೆ ಕೊಡುವವರು ಆ ಲೆಕ್ಕಕ್ಕೆ ಬಹಳ ಅನುಕೂಲ ಮಾಡಿಕೊಡುತ್ತಾರೆ.

ಸೋಮವಾರ ಬೆಳಿಗ್ಗೆ ನನಗೆ ಎಚ್‌ಆರ್‌ನಿಂದ ಒಂದು ಎಕ್ಸೆಲ್ ಶೀಟ್ ಬರುತ್ತದೆ. ಒಬ್ಬೊಬ್ಬರ ಹೆಸರಿನ ಮುಂದೆ ಹಿಂದಿನ ವಾರದ ಐದು ಚೌಕಗಳು, ಒಳಗೆ ಬಂದ ಸ್ವೈಪ್, ಹೊರಗೆ ಹೋದ ಸ್ವೈಪ್, ನಡುವಿನ ಗಂಟೆಗಳು. ಗಂಟೆಗಳ ಕಾಲಂ ಮೊದಲು ಇರಲಿಲ್ಲ. ಹತ್ತಕ್ಕೆ ಬಂದು ಬ್ಯಾಡ್ಜ್ ತೋರಿಸಿ ಕೆಫೆಟೇರಿಯಾದಲ್ಲಿ ಒಂದು ಕಾಫಿ ಕುಡಿದು ಹನ್ನೊಂದೂವರೆಗೆ ಮನೆಗೆ ಹೊರಡುವವರು ಹೆಚ್ಚಾದ ಮೇಲೆ ಅದು ಸೇರಿತು. ಹಾಜರಿ ಸಾಲದೆ ಕೆಂಪಾದ ಚೌಕಗಳಿಗೆ ನಾನು ಕಾರಣ ತುಂಬಿ ವಾಪಸು ಕಳಿಸಬೇಕು. ಯಾರ ಹೆಸರಿನ ಮುಂದೆ ‘ಅನುಮತಿ ಪಡೆದಿದ್ದಾರೆ, ಇಂಥ ದಿನಾಂಕದವರೆಗೆ’ ಎಂದು ಬರೆಯಲು ನನ್ನ ಹತ್ತಿರ ಒಂದು ಮೇಲ್ ಇದೆಯೋ ಅವರ ಬಗ್ಗೆ ಎರಡನೆಯ ಪ್ರಶ್ನೆ ಬರುವುದಿಲ್ಲ. ಏನೂ ಹೇಳದೆ ಸುಮ್ಮನೆ ಬಾರದೇ ಉಳಿದವರ ಹೆಸರು ಮೂರ್ನಾಲ್ಕು ವಾರದಲ್ಲಿ ಎಚ್ಚರಿಕೆ ಪತ್ರಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ ಅನಧಿಕೃತ ಗೈರುಹಾಜರಿ ಎಂಬ ಮಾತು ದಾಖಲೆಗೆ ಸೇರಿದರೆ ರಿಲೀವಿಂಗ್ ಲೆಟರ್‌ಗೂ (ಕೆಲಸದಿಂದ ಬಿಡುಗಡೆಯಾದ ಪತ್ರ) ಪರದಾಡಬೇಕಾಗುತ್ತದೆ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ, ಮ್ಯಾನೇಜರ್ ಜೊತೆ ಫೋನಿನಲ್ಲಿ ಮಾತಾಡಿ, ಅದೇ ದಿನ ಅದನ್ನು ಮೇಲ್‌ನಲ್ಲಿ ಬರೆದು ಕಳಿಸುವುದು. ಶಾಶ್ವತ ವಿನಾಯಿತಿ ಕೇಳಬೇಡಿ, ಅದನ್ನು ಕೊಡುವ ಅಧಿಕಾರ ನನ್ನಂಥವರಿಗೆ ಇರುವುದಿಲ್ಲ. ಮಗನ ಶಾಲೆಯ ವರ್ಷ ಮುಗಿಯುವವರೆಗೆ ಎಂದೋ, ಮೂರು ತಿಂಗಳು ಎಂದೋ ಕೊನೆಯಿರುವ ಅವಧಿ ಕೇಳಿ. ದಿನಾಂಕ ಇದ್ದರೆ ಸಹಿ ಹಾಕುವವರ ಕೈ ನಡುಗುವುದಿಲ್ಲ. ನಿಮ್ಮ ಕಂಪನಿಗೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಶಾಖೆಯಿದ್ದರೆ ಅದನ್ನೂ ವಿಚಾರಿಸಬಹುದು, ಆದರೆ ಮನೆ ಬಿಟ್ಟು ಇರುವುದು ಅಲ್ಲಿಯೂ ತಪ್ಪುವುದಿಲ್ಲವಾದ್ದರಿಂದ ನಿಮ್ಮ ಸಂದರ್ಭದಲ್ಲಿ ಅದು ದೊಡ್ಡ ಲಾಭವಲ್ಲ.

ಆ ಮಾತುಕತೆಯಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಆ ಕಟ್ಟಡದಲ್ಲಿ ನನ್ನ ಪಕ್ಕ ಕೂರುವವರು ಯಾರು? ನಿಮ್ಮ ಲೀಡ್ (ತಂಡದ ಮುಂದಾಳು), ಟೆಸ್ಟಿಂಗ್‌ನವರು, ಹೊಸಬರು ಎಲ್ಲರೂ ಅದೇ ಮಹಡಿಯಲ್ಲಿದ್ದರೆ ಈ ಆದೇಶಕ್ಕೆ ಕೆಲಸದ ದೃಷ್ಟಿಯಿಂದ ಒಂದು ಅರ್ಥವಿದೆ, ಕೆಲವು ತಿಂಗಳು ಬಂದು ನೋಡುವುದರಲ್ಲಿ ನಿಮಗೂ ಲಾಭವಿದೆ, ಬಡ್ತಿಯ ಮಾತು ಬಂದಾಗ ಮುಖ ಪರಿಚಯ ಇದ್ದವರ ಹೆಸರೇ ಮೊದಲು ಬರುತ್ತದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಲೀಡ್ ಪುಣೆಯಲ್ಲಿ, ಕ್ಲೈಂಟ್ ಅಮೆರಿಕದಲ್ಲಿ, ಉಳಿದವರು ಚೆನ್ನೈನಲ್ಲಿ ಇದ್ದು, ನೀವು ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಟೀಮ್ಸ್ ಕಾಲ್‌ನಲ್ಲಿ ಕೂರುವುದಾದರೆ, ನಿಮ್ಮಿಂದ ಕೇಳುತ್ತಿರುವುದು ಬರೀ ಹಾಜರಿ. ಹಾಜರಿಗಾಗಿ ಸಂಸಾರವನ್ನು ಎರಡು ಊರು ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಚರ್ಚೆಯಲ್ಲಿ ಜನ ಉಲ್ಲೇಖಿಸುವ ಅಧ್ಯಯನವೊಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯ 1,612 ಉದ್ಯೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು, ಕೆಲಸದ ಮೌಲ್ಯಮಾಪನದಲ್ಲಿ ವ್ಯತ್ಯಾಸ ಕಾಣಲಿಲ್ಲ. ದೂರದಿಂದ ಓಡಾಡುವವರು ಮತ್ತು ಮಹಿಳೆಯರಲ್ಲಿ ಈ ಪರಿಣಾಮ ಎದ್ದು ಕಂಡಿತು. ಇದನ್ನು ಮ್ಯಾನೇಜರ್ ಮುಂದೆ ಇಡಬಹುದು, ಆದರೆ ಅದು ಎರಡು ದಿನದ ಮಾತು. ಪೂರ್ತಿ ಮನೆಯಿಂದಲೇ ಕೆಲಸ ಬೇಕೆನ್ನುವ ನಿಮ್ಮ ವಾದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಇನ್ನು ಹಣದ ವಿಷಯ. ಇಲ್ಲಿ ನೀವು ಅವಸರ ಮಾಡಿದರೆ ನೇರ ನಷ್ಟ. ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗಬೇಕಾದರೆ ಐದು ವರ್ಷದ ಸತತ ಸೇವೆ ಬೇಕು. ನಿಮ್ಮ ಮೂಲ ವೇತನ ತಿಂಗಳಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 1,73,000 ರೂಪಾಯಿ. ಇವತ್ತೇ ರಾಜೀನಾಮೆ ಕೊಟ್ಟರೆ, ನೋಟಿಸ್ ಪೀರಿಯಡ್ (ರಾಜೀನಾಮೆಯ ನಂತರವೂ ಕೆಲಸ ಮಾಡಬೇಕಾದ ಅವಧಿ) 90 ದಿನವಿದ್ದರೂ ನಿಮ್ಮ ಕೊನೆಯ ದಿನ ನಾಲ್ಕು ವರ್ಷ ಹತ್ತು ತಿಂಗಳಿಗೆ ನಿಲ್ಲುತ್ತದೆ. ಐದನೆಯ ವರ್ಷದಲ್ಲಿ 240 ದಿನ ದಾಟಿದರೆ ಸಾಕು ಎಂಬುದಕ್ಕೆ ಮದ್ರಾಸ್ ಹೈಕೋರ್ಟಿನ ತೀರ್ಪೊಂದರ ಆಧಾರವಿದೆಯಾದರೂ ಎಲ್ಲ ಕಂಪನಿಗಳೂ ಅದನ್ನು ಒಪ್ಪಿ ದುಡ್ಡು ಕೊಡುವುದಿಲ್ಲ, ಅದರ ಬೆನ್ನು ಹತ್ತಿ ಅಲೆಯುವುದಕ್ಕಿಂತ ಐದು ವರ್ಷ ತುಂಬಿಸುವುದೇ ಲೇಸು. ಎರಡು ತಿಂಗಳು ತಡೆದು ರಾಜೀನಾಮೆ ಕೊಟ್ಟರೆ ನೋಟಿಸ್ ಅವಧಿ ಮುಗಿಯುವ ಹೊತ್ತಿಗೆ ಐದು ವರ್ಷ ತುಂಬುತ್ತದೆ. ಆದರೆ ನೋಟಿಸ್ ಅವಧಿಯ ನಡುವೆಯೇ ನಿಮ್ಮನ್ನು ಬಿಡುಗಡೆ ಮಾಡುವ ಅಧಿಕಾರವನ್ನು ಕಂಪನಿ ತನ್ನಲ್ಲಿ ಇಟ್ಟುಕೊಂಡಿದೆಯೇ ಎಂದು ಒಪ್ಪಂದದಲ್ಲಿ ನೋಡಿ. ಇಟ್ಟುಕೊಂಡಿದ್ದರೆ ಐದು ವರ್ಷ ಆದ ಮೇಲೆಯೇ ಕೊಡಿ. ಪಿಎಫ್ ಹಣವನ್ನು ತೆಗೆಯದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಳ್ಳಿ, ಐದು ವರ್ಷದ ಒಳಗೆ ತೆಗೆದರೆ ತೆರಿಗೆ ಬೀಳುತ್ತದೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುವುದರಿಂದ, ತಂದೆ ತಾಯಿ ಅದರಲ್ಲಿ ಸೇರಿದ್ದರೆ ಬೇರೆ ಪಾಲಿಸಿಯನ್ನು ಮೊದಲೇ ಮಾಡಿಸಿಡಿ.

ಹಾಗಾದರೆ ಆ ಐದು ತಿಂಗಳು ಏನು ಮಾಡುವುದು? ಅವಧಿಯ ವಿನಾಯಿತಿ ಸಿಕ್ಕರೆ ಶಿವಮೊಗ್ಗದಲ್ಲಿದ್ದುಕೊಂಡೇ ಬೇರೆ ಕೆಲಸ ಹುಡುಕಿ. ಸಿಗದಿದ್ದರೆ ಕಚೇರಿಗೆ ನಡೆದು ಹೋಗುವಷ್ಟು ಹತ್ತಿರದ ಪಿಜಿಯೊಂದರಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಇದ್ದು, ಶುಕ್ರವಾರ ರಾತ್ರಿಯ ರೈಲಿಗೆ ಊರಿಗೆ ಹೋಗಿ. ಕಡಿಮೆ ಬಾಡಿಗೆಯ ಆಸೆಗೆ ದೂರದಲ್ಲಿ ಕೋಣೆ ಹಿಡಿಯಬೇಡಿ: ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷಕ್ಕೂ ಹೆಚ್ಚು ಬೇಕು, ಸಂಜೆಯ ಹೊರವರ್ತುಲ ರಸ್ತೆಗೆ ಆ ಸರಾಸರಿ ಒಂದು ಔದಾರ್ಯದ ಅಂಕಿ. ಸಂಸಾರ ಸಮೇತ ಮನೆ ಬದಲಿಸುವ ಯೋಚನೆಯನ್ನು, ಪತ್ನಿಯವರ ಕೆಲಸಕ್ಕೆ ಅಲ್ಲಿ ಏನು ದಾರಿ ಎಂದು ಅವರ ಬಾಯಿಂದಲೇ ಕೇಳುವವರೆಗೆ ಮುಟ್ಟಲೇಬೇಡಿ. ಅವರ ಸಂಬಳವನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ಹೊಸ ಕಂಪನಿಯ ಸಂದರ್ಶನದಲ್ಲಿ ‘ನಮ್ಮಲ್ಲಿ ಹೈಬ್ರಿಡ್’ (ಕೆಲವು ದಿನ ಕಚೇರಿ, ಕೆಲವು ದಿನ ಮನೆ) ಎಂದರೆ ಅಷ್ಟಕ್ಕೇ ತೃಪ್ತರಾಗದೆ, ತಿಂಗಳಿಗೆ ಎಷ್ಟು ದಿನ, ಯಾವ ಊರು, ಓಡಾಟದ ಖರ್ಚು ಯಾರದು ಎಂದು ಎಚ್‌ಆರ್‌ನವರನ್ನು ಕೇಳಿ, ಉತ್ತರವನ್ನು ಆಫರ್ ಲೆಟರ್‌ನಲ್ಲಿಯೇ ಬರೆಯಿಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅವರೂ ಇನ್ನೊಂದು ವರ್ಷಕ್ಕೆ ಇದೇ ಮೇಲ್ ಕಳಿಸಬಹುದು ಎಂದು ತಿಳಿದುಕೊಂಡೇ ಸಂಬಳ ಮಾತಾಡಿ. ಆ ಪತ್ರ ಕೈಗೆ ಬಂದು, ಸೇರುವ ದಿನಾಂಕ ನಿಮ್ಮ ಐದು ವರ್ಷದ ಆಚೆಗೆ ಬೀಳುವುದು ಖಚಿತವಾದ ಮೇಲೆ ರಾಜೀನಾಮೆಯ ಮೇಲ್ ಕಳಿಸಿ. ಅದರಲ್ಲಿ ಕಾರಣ ಎಂದು ಒಂದೇ ಸಾಲು ಸಾಕು. ಕಚೇರಿಗೆ ಕರೆದದ್ದರ ಬಗ್ಗೆ ನಿಮಗಿರುವ ಸಿಟ್ಟನ್ನೆಲ್ಲ, ಕೆಲಸ ಬಿಡುವವರ ಜೊತೆ ಎಚ್‌ಆರ್ ನಡೆಸುವ ಎಕ್ಸಿಟ್ ಇಂಟರ್‌ವ್ಯೂನಲ್ಲಿ ಹೇಳಿ, ಅಲ್ಲಿ ಅದನ್ನು ಬರೆದುಕೊಳ್ಳುವವರು ಇರುತ್ತಾರೆ.