ಸಿಸ್ಟರ್ ಅಂತ ಕರೆದದ್ದು ಯಾರನ್ನ?

ಪ್ರಶ್ನೆ: ಅಕ್ಕಾ, ಹತ್ತು ವರ್ಷ ವಾರ್ಡ್‌ನಲ್ಲಿದ್ದವಳು ನಾನು. ಎರಡು ವರ್ಷದಿಂದ ಕ್ಯಾನ್ಸರ್ ಔಷಧಗಳ ಪ್ರಯೋಗದಲ್ಲಿ ರಿಸರ್ಚ್ ನರ್ಸ್. ‘ನಿನಗೇನಮ್ಮ, ನೈಟ್ ಡ್ಯೂಟಿ ಇಲ್ಲ, ಫೈಲು ತಿರುವಿದರಾಯಿತು’ ಅನ್ನುತ್ತಾರೆ ಹಳೆಯ ಗೆಳತಿಯರು. ಊರಲ್ಲಿ ಅಮ್ಮ ‘ನರ್ಸ್ ಕೆಲಸ ಬಿಟ್ಟೆಯಂತೆ?’ ಅಂದಳು. ಹೋದ ತಿಂಗಳು ನಮ್ಮ ಪ್ರಯೋಗದಲ್ಲಿದ್ದ ಅಜ್ಜಿಯೊಬ್ಬರು ಮನೆಯಲ್ಲೇ ತೀರಿಕೊಂಡರು. ಎಂಟು ತಿಂಗಳು ಅವರ ರಕ್ತ ತೆಗೆದವಳು ನಾನು. ಸುದ್ದಿ ಬಂದ ಕೂಡಲೇ ವರದಿ ತುಂಬಲು ಕೂತೆ. ಅಳು ಇವತ್ತಿಗೂ ಬಂದಿಲ್ಲ. ನಾನು ಇನ್ನೂ ನರ್ಸೇನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ಮೊದಲು ಅಜ್ಜಿಯ ವಿಷಯ. ಪ್ರಯೋಗದಲ್ಲಿರುವವರು ತೀರಿಕೊಂಡರೆ 24 ಗಂಟೆಯೊಳಗೆ ವರದಿ ಹೋಗಲೇಬೇಕು. ಔಷಧ ಪ್ರಯೋಗಗಳಿಗೆ ಸರ್ಕಾರ ಮಾಡಿದ 2019ರ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ವಾರ್ಡ್‌ನಲ್ಲಾಗಿದ್ದರೆ ನೀನು ಅವರ ಮೈ ಒರೆಸುತ್ತಿದ್ದೆ, ಕಣ್ಣು ಮುಚ್ಚಿಸುತ್ತಿದ್ದೆ, ಮಗಳ ಹೆಗಲ ಮೇಲೆ ಕೈಯಿಡುತ್ತಿದ್ದೆ. ನಮ್ಮ ದುಃಖ ಅರ್ಧ ಇಳಿಯುವುದು ಆ ಕೆಲಸದಲ್ಲೇ. ನಿನ್ನ ಕೈಗೆ ಸಿಕ್ಕಿದ್ದು ಒಂದು ಫಾರಂ ಮಾತ್ರ. ಅಳು ಬರದೆ ಇದ್ದದ್ದು ನಿನ್ನ ಮನಸ್ಸು ಕಲ್ಲಾಗಿದೆ ಅಂತಲ್ಲ. ನಿಮ್ಮ ಡಾಕ್ಟರಿಗೆ ತಿಳಿಸಿ ಅಜ್ಜಿಯ ಮನೆಗೊಂದು ಫೋನ್ ಮಾಡು. ಪ್ರಯೋಗದ ಮಾತೆತ್ತಬೇಡ, ಅಜ್ಜಿಯ ಮಾತಾಡು.

ಈಗ ನಿನ್ನ ಪ್ರಶ್ನೆ. ನಾನು ಹನ್ನೊಂದು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದವಳು. ಒಮ್ಮೆ ಶಿಡ್ಲಘಟ್ಟದಿಂದ ರೇಷ್ಮೆ ನೂಲು ತೆಗೆಯುವ ಯಜಮಾನರೊಬ್ಬರು ಬಂದಿದ್ದರು. ಓದು ಬರದು, ಹಾಗಾಗಿ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿ ಕೂತಿದ್ದರು. ಡಾಕ್ಟರು ಎಲ್ಲ ವಿವರಿಸಿ ಎದ್ದುಹೋದರು. ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ಅವರ ಹೆಬ್ಬೆಟ್ಟಿನ ಗೆರೆಯೇ ಸವೆದಿತ್ತು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲೆಂದು ನಾನು ಇಂಕ್ ಪ್ಯಾಡ್ ಮುಂದಿಟ್ಟೆ. ಅವರು ಮೆಲ್ಲಗೆ, ‘ಬೇಡ ಅಂದ್ರೆ ಇಲ್ಲಿ ಔಷಧಿ ಕೊಡಲ್ವಾ ಸಿಸ್ಟರ್?’ ಅಂದರು. ಪ್ಯಾಡ್ ಮುಚ್ಚಿದೆ. ಡಾಕ್ಟರನ್ನು ವಾಪಸ್ ಕರೆದೆ. ಸೇರದಿದ್ದರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅವರು ಬೇಡ ಅಂದರು. ಆ ವಾರ ನಮ್ಮ ಲೆಕ್ಕದಲ್ಲಿ ಒಂದು ಹೆಸರು ಕಡಿಮೆಯಾಯಿತು. ಆ ಪ್ರಶ್ನೆಯನ್ನು ಅವರು ಡಾಕ್ಟರಿಗೆ ಕೇಳಲಿಲ್ಲ, ಸಾಕ್ಷಿಗೂ ಕೇಳಲಿಲ್ಲ. ಸಿಸ್ಟರಿಗೆ ಕೇಳಿದರು.

ಅಮೆರಿಕದ ನರ್ಸುಗಳ ಸಂಘ 2016ರಲ್ಲೇ ನಮ್ಮ ಕೆಲಸವನ್ನು ನರ್ಸಿಂಗ್‌ನ ಪ್ರತ್ಯೇಕ ವಿಭಾಗವೆಂದು ಒಪ್ಪಿಕೊಂಡಿದೆ. ನೀನೂ ಸಣ್ಣ ಹಟ ಹಿಡಿ. ಪ್ರಯೋಗದಲ್ಲಿ ಯಾರಿಗೆ ಯಾವ ಕೆಲಸ ಅಂತ ಸಹಿ ಹಾಕುವ ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ‘ನರ್ಸ್’ ಅಂತಲೇ ಇರಲಿ, ಬ್ಯಾಡ್ಜಿನಲ್ಲೂ. ನರ್ಸಿಂಗ್ ಕೌನ್ಸಿಲ್ ನೋಂದಣಿ ಕೈಬಿಡಬೇಡ. ವಾರ್ಡಿನ ಗೆಳತಿಯರನ್ನು ಒಂದು ದಿನ ಪಕ್ಕದಲ್ಲಿ ಕೂರಿಸಿಕೋ. ಹೊಸ ಔಷಧಿ ಹನಿಯುವಾಗ ಬಿಪಿ ನೋಡುತ್ತಾ, ಮೈಮೇಲೆ ಗಂದೆ ಎದ್ದರೆ ಮೊದಲು ಕಂಡು ಡ್ರಿಪ್ ನಿಲ್ಲಿಸುವವಳು ಯಾರು ಅಂತ ಅವರೇ ನೋಡಲಿ. ಅಮ್ಮನಿಗೂ ಇಷ್ಟನ್ನೇ ಹೇಳು.

ನಿದ್ದೆ, ಊಟ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಜ್ಜಿಯ ಮನೆಯವರ ಹತ್ತಿರ ಮಾತಾಡಿದ ಮೇಲೆ ನನಗೊಂದು ಕಾಗದ ಬರೆ. ಕಾಯುತ್ತಿರುತ್ತೇನೆ.